‘ಡೂ’ ಎಂಬ ಕ್ರಿಯಾಪದದ ಪೂರ್ವೋತ್ತರ

ಐದನೆಯ ತರಗತಿಯಲ್ಲಿ ಇಂಗ್ಲಿಷಿನ ಅಕ್ಷರ ಕಲಿತು, ಏಳನೆಯದಕ್ಕೆ ಬರುವ ಹೊತ್ತಿಗೆ ಚಿಕ್ಕ ಚಿಕ್ಕ ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸುವ ಅಭ್ಯಾಸ ನಮಗೆ ಮೊದಲಾಯಿತು. ಒಂದು ದಿನ ಮೇಷ್ಟರು ಕಪ್ಪು ಹಲಗೆಯ ಮೇಲೆ ‘ಡೂ ಯೂ ನೋ ಹಿಮ್?’ ಎಂದು ಬರೆದು ಅರ್ಥ ಕೇಳಿದರು. ‘ಡೂ’ ಎಂದರೆ ಮಾಡು, ‘ಯೂ’ ಎಂದರೆ ನೀನು, ‘ನೋ’ ಎಂದರೆ ತಿಳಿ, ‘ಹಿಮ್’ ಎಂದರೆ ಅವನನ್ನು. ಇಷ್ಟೂ ನನಗೆ ಬಾಯಿಪಾಠವಾಗಿತ್ತು. ಎದ್ದು ನಿಂತು, ‘ನೀನು ಅವನನ್ನು ತಿಳಿದು ಮಾಡುತ್ತೀಯೋ?’ ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟರು ನಗಲಿಲ್ಲ. ಅಂಗೈಯ ಮೇಲೆ ಎರಡು ಏಟು ಕೊಟ್ಟು, ‘ಇಲ್ಲಿ ಡೂ ಎನ್ನುವುದಕ್ಕೆ ಅರ್ಥವಿಲ್ಲ, ಕೂತುಕೋ’ ಎಂದರು. ಅರ್ಥವೇ ಇಲ್ಲದ ಮಾತು ವಾಕ್ಯದ ಮೊದಲಿಗೇ ಬಂದು ಏಕೆ ಕುಳಿತಿದೆ ಎಂದು ಕೇಳುವ ಧೈರ್ಯ ನನಗೆ ಆಗ ಇರಲಿಲ್ಲ.

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷು ನನ್ನ ವಿಷಯವಲ್ಲ. ಆದರೂ ನಮ್ಮ ಕಾಲೇಜಿಗೆ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಯಾವ ಕಲ್ಲಿಗೆ ಎಡವುತ್ತಾರೆಂಬುದನ್ನು ದಿನವೂ ನೋಡುತ್ತಿದ್ದೇನೆ. ಹಳಗನ್ನಡದ ಚಂಪೂ ಪದ್ಯವನ್ನು ಅನ್ವಯಿಸಿ ಅರ್ಥ ಹೇಳಬಲ್ಲ ಹುಡುಗಿ, ‘ಡಿಡ್ ನಾಟ್ ವೆಂಟ್’ ಎಂದು ಬರೆದು, ಅದರ ಕೆಳಗೆ ಕೆಂಪು ಶಾಯಿಯ ಗೆರೆ ಕಂಡು, ತನ್ನ ಬುದ್ಧಿಯಲ್ಲೇ ಏನೋ ಕೊರತೆಯಿದೆಯೆಂದು ನಂಬಿಬಿಡುತ್ತಾಳೆ. ಕೊರತೆ ಅವಳದಲ್ಲ. ಈ ಕ್ರಿಯಾಪದದ ಪೂರ್ವೋತ್ತರವನ್ನು ಅವಳಿಗೆ ಯಾರೂ ಹೇಳಿಲ್ಲ, ಅಷ್ಟೆ. ಇಂಗ್ಲಿಷರೇ ಸುಮಾರು ನಾನೂರು ವರ್ಷ ತಡವರಿಸಿ ರೂಢಿಸಿಕೊಂಡ ಪಾಠವನ್ನು ಅವಳು ಒಂದೆರಡು ವರ್ಷದಲ್ಲಿ ಒಪ್ಪಿಸಬೇಕೆಂದು ನಾವು ಹಟ ಹಿಡಿದಿದ್ದೇವೆ.

ಮೊದಲು ಅದರ ಮನೆತನವನ್ನು ವಿಚಾರಿಸೋಣ. ಪ್ರಾಚೀನ ಇಂಗ್ಲಿಷಿನಲ್ಲಿ ಇದು ‘ಡೋನ್’ ಎಂದಿತ್ತು. ಜರ್ಮನ್ ಭಾಷೆಯ ‘ಟೂನ್’, ಡಚ್ ಭಾಷೆಯ ‘ಡೂನ್’ ಇದರ ಒಡಹುಟ್ಟಿದವು. ಇನ್ನೂ ಹಿಂದಕ್ಕೆ ಹೋದರೆ ಇದು ನಮಗೆ ಅಪರಿಚಿತವಲ್ಲದ ಮನೆಯನ್ನೇ ಮುಟ್ಟುತ್ತದೆ. ಸಂಸ್ಕೃತದ ‘ಧಾ’, ಗ್ರೀಕಿನ ‘ತಿಥೇಮಿ’, ಲ್ಯಾಟಿನ್ನಿನ ‘ಫಾಕೆರೆ’ ಇವೆಲ್ಲ ಅದೇ ಮೂಲದಿಂದ ಕವಲೊಡೆದವು. ಆ ಮೂಲಕ್ಕೆ ‘ಇಡು, ನೆಲೆಗೊಳಿಸು’ ಎಂದು ಅರ್ಥ. ಇಟ್ಟದ್ದು ನಿಧಿ, ಸೇರಿಸಿ ಇಟ್ಟದ್ದು ಸಂಧಿ, ಇಂಥದು ಹೀಗೆ ನಡೆಯಲೆಂದು ಗೊತ್ತುಪಡಿಸಿದ್ದು ವಿಧಿ, ವಿಧಾನ. ಬೆಂಗಳೂರಿನ ವಿಧಾನಸೌಧವೂ ಪೀಣ್ಯದ ಫ್ಯಾಕ್ಟರಿಯೂ ಶಬ್ದದ ಮಟ್ಟಿಗೆ ದಾಯಾದಿಗಳೆಂದರೆ ನಂಬುವುದು ಕಷ್ಟ. ಆದರೆ ‘ಫ್ಯಾಕ್ಟರಿ’ ಬಂದದ್ದು ಆ ಲ್ಯಾಟಿನ್ ಧಾತುವಿನಿಂದಲೇ.

ಇದಕ್ಕಿಂತ ಸ್ವಾರಸ್ಯವಾದದ್ದು ಇಂಗ್ಲಿಷಿನ ‘ಡೂಮ್’ ಎಂಬ ಪದ. ಅದೂ ‘ಡೂ’ ಬಳ್ಳಿಯ ಕಾಯಿಯೇ. ಮೊದಲಿಗೆ ಅದಕ್ಕೆ ಶಾಸನ, ತೀರ್ಪು ಎಂಬ ಅರ್ಥವಿತ್ತು. ವಿಲಿಯಂ ದೊರೆ 1086ರಲ್ಲಿ ದೇಶದ ಭೂಮಿಕಾಣಿಗಳ ಲೆಕ್ಕ ಬರೆಸಿದ ಕಡತಕ್ಕೆ ಜನ ‘ಡೂಮ್ಸ್‌ಡೇ’ ಪುಸ್ತಕವೆಂದು ಹೆಸರಿಟ್ಟದ್ದು, ಅದರ ತೀರ್ಪಿಗೆ ಮೇಲ್ಮನವಿ ಇಲ್ಲವೆಂಬ ಕಾರಣದಿಂದ. ಬರಬರುತ್ತ ಆ ಪದ ದುರದೃಷ್ಟ, ವಿನಾಶ ಎಂಬ ಅರ್ಥಕ್ಕೆ ಜಾರಿತು. ನಮ್ಮ ‘ವಿಧಿ’ಯೂ ಹಾಗೆಯೇ ಅಲ್ಲವೆ? ಶಾಸ್ತ್ರದಲ್ಲಿ ಕಟ್ಟಳೆ, ಅಜ್ಜಿಯ ಬಾಯಲ್ಲಿ ಹಣೆಬರಹ. ಒಂದೇ ಬೇರಿನ ಎರಡು ಪದಗಳು ಎರಡು ದೇಶಗಳಲ್ಲಿ ಒಂದೇ ದಾರಿ ನಡೆದಿವೆ.

ಇಲ್ಲೊಂದು ಎಚ್ಚರಿಕೆಯ ಮಾತು. ಸಂಸ್ಕೃತ ವ್ಯಾಕರಣ ಓದಿದವರಿಗೆ ‘ಡುಕೃಞ್’ ಎಂಬ ಧಾತು ಗೊತ್ತು. ಅದಕ್ಕೆ ಅರ್ಥ ಮಾಡು ಎಂದೇ. ಅದರ ಮೊದಲಲ್ಲಿರುವ ‘ಡು’ವೇ ಇಂಗ್ಲಿಷರ ‘ಡೂ’ ಎಂದು ಹಿಂದೆ ಒಬ್ಬ ಹಿರಿಯರು ನನ್ನೊಡನೆ ವಾದಿಸಿದ್ದರು. ಆ ‘ಡು’ ವೈಯಾಕರಣರು ತಮ್ಮ ಅನುಕೂಲಕ್ಕೆ ಅಂಟಿಸಿದ ಗುರುತು, ಪ್ರಯೋಗದಲ್ಲಿ ಉದುರಿಹೋಗುತ್ತದೆ. ಹೋಲಿಕೆ ಕಂಡಲ್ಲೆಲ್ಲ ನೆಂಟಸ್ತನ ಬೆಳೆಸಬಾರದು.

ಅರ್ಥವುಳ್ಳ ‘ಡೂ’ ನಮ್ಮ ಮಕ್ಕಳಿಗೆ ಅಷ್ಟಾಗಿ ತೊಡಕಲ್ಲ. ಅದು ನಮ್ಮ ‘ಮಾಡು’ವಿನ ಹಾಗೆ ಎಲ್ಲ ಮನೆಯಲ್ಲೂ ಚಾಕರಿ ಮಾಡುವ ಆಳು. ‘ಮಾಡಿದ್ದುಣ್ಣೋ ಮಹರಾಯ’ ಎನ್ನುವಲ್ಲಿನ ‘ಮಾಡು’ ಒಂದು, ‘ನಿದ್ದೆ ಮಾಡು’ ಎನ್ನುವಲ್ಲಿನದು ಇನ್ನೊಂದು. ‘ಮಾಡು’ವಿನಿಂದ ‘ಮಾಟ’ ಹುಟ್ಟಿದಂತೆ ಅಲ್ಲಿ ‘ಡೂ’ವಿನಿಂದ ‘ಡೀಡ್’ ಹುಟ್ಟಿತು. ‘ದಟ್ ವಿಲ್ ಡೂ’ ಎಂದರೆ ಅಷ್ಟು ಸಾಕು. ‘ಡೂ ವಿದೌಟ್’ ಎಂದರೆ ಇಲ್ಲದೆಯೇ ಸುಧಾರಿಸು. ಒಬ್ಬನನ್ನು ‘ಡೂ’ ಮಾಡಿದರೆಂದರೆ ಅವನಿಗೆ ಟೋಪಿ ಹಾಕಿದರೆಂದು ಅರ್ಥ. ‘ಹೌ ಡೂ ಯೂ ಡೂ’ ಎಂಬ ಕುಶಲಪ್ರಶ್ನೆಯಲ್ಲಿ ಎರಡು ‘ಡೂ’ಗಳಿವೆ. ಕೊನೆಯದಕ್ಕೆ ‘ಕಾಲ ಹಾಕು, ಇರು’ ಎಂಬ ಹಳೆಯ ಅರ್ಥವಿದೆ. ಮೊದಲನೆಯದಕ್ಕೆ ಏನೂ ಇಲ್ಲ. ‘ಡಾನ್’ ಎಂದರೆ ಉಡು, ‘ಡಾಫ್’ ಎಂದರೆ ಕಳಚು ಎಂದು ನಿಘಂಟುಗಳಲ್ಲಿ ಕಾಣುತ್ತೇವೆ. ಅವು ‘ಡೂ ಆನ್’, ‘ಡೂ ಆಫ್’ ಎಂಬ ಜೋಡಿಗಳು ಬೆಸೆದು ಆದವು. ಇಡು ಎಂಬ ಮೂಲಾರ್ಥ ಅಲ್ಲಿ ಇನ್ನೂ ಉಳಿದಿದೆ: ಮೈಮೇಲೆ ಇಟ್ಟುಕೊಂಡರೆ ‘ಡಾನ್’, ತೆಗೆದಿಟ್ಟರೆ ‘ಡಾಫ್’.

ತೊಡಕಿರುವುದು ಆ ಮೊದಲನೆಯ, ಅರ್ಥವಿಲ್ಲದ ‘ಡೂ’ವಿನಲ್ಲಿ. ಅದು ಎಲ್ಲಿಂದ ಬಂತು?

ಪ್ರಾಚೀನ ಇಂಗ್ಲಿಷಿನಲ್ಲಿ ಅದಿರಲಿಲ್ಲ. ಪ್ರಶ್ನೆ ಕೇಳಬೇಕಾದರೆ ಕ್ರಿಯಾಪದವನ್ನು ಕರ್ತೃವಿನ ಮುಂದಕ್ಕೆ ತಂದರೆ ಆಯಿತು: ‘ನೋ ಯೂ ಹಿಮ್?’ ಎಂಬ ಮಾದರಿ. ಜರ್ಮನರೂ ಡಚ್ಚರೂ ಇಂದಿಗೂ ಹೀಗೆಯೇ ಕೇಳುತ್ತಾರೆ. ಇಲ್ಲವೆನ್ನಲು ಕ್ರಿಯಾಪದದ ಹಿಂದೆ ‘ನೆ’ ಎಂಬ ಪುಟ್ಟ ಅವ್ಯಯ ಹಚ್ಚುತ್ತಿದ್ದರು. ಉಚ್ಚಾರಣೆಯಲ್ಲಿ ಅದು ಸವೆದು ಕೇಳಿಸದಂತಾದಾಗ, ಒತ್ತು ಕೊಡಲು ಕ್ರಿಯಾಪದದ ಆಚೆಗೆ ‘ನಾಟ್’ ಬಂದು ನಿಂತಿತು. ಕೆಲವು ಕಾಲ ಎರಡೂ ಇದ್ದು, ಕೊನೆಗೆ ‘ನೆ’ ಉದುರಿ ‘ಐ ನೋ ನಾಟ್’ ಎಂಬ ರೂಪ ಉಳಿಯಿತು. ನಿಷೇಧಾರ್ಥಕಗಳು ಹೀಗೆ ಸವೆಯುವುದು, ಹೊಸ ಊರೆಗೋಲು ಹಿಡಿಯುವುದು, ಆ ಊರೆಗೋಲೇ ಕಾಲಾಗುವುದು, ಇದನ್ನು ಡೆನ್ಮಾರ್ಕಿನ ಓಟೋ ಯೆಸ್ಪರ್ಸನ್ನರು 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಲವು ಭಾಷೆಗಳಿಂದ ಉದಾಹರಣೆ ಕೊಟ್ಟು ವಿವರಿಸಿದ್ದಾರೆ.

‘ಡೂ’ ಬಾಗಿಲಲ್ಲಿ ಕಾಣಿಸಿಕೊಂಡದ್ದು ಹದಿಮೂರನೆಯ ಶತಮಾನದ ಕೊನೆಯಲ್ಲಿ; ಅದೂ ಇಂಗ್ಲೆಂಡಿನ ನೈಋತ್ಯ ಭಾಗದ ಪ್ರಾಸಬದ್ಧ ಕಾವ್ಯಗಳಲ್ಲಿ. ಹೇಗೆ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಸ್ವೀಡನ್ನಿನ ಆಲ್ವಾರ್ ಎಲ್ಲೆಗೋರ್ಡ್ ಅವರು 1953ರಲ್ಲಿ ಪ್ರಕಟಿಸಿದ ಪ್ರಬಂಧದ ವಿವರಣೆ. ಬಹುಶಃ ಕನ್ನಡ ಬಲ್ಲವನಿಗೆ ಅದು ಸುಲಭವಾಗಿ ತಿಳಿಯುವುದರಿಂದ ಹಿಡಿಸಿರಬಹುದು. ಆ ಕಾಲದ ಇಂಗ್ಲಿಷಿನಲ್ಲಿ ‘ಡೂ’ ಎಂಬುದಕ್ಕೆ ‘ಮಾಡಿಸು’ ಎಂಬ ಅರ್ಥವೂ ಇತ್ತು. ನಮ್ಮಲ್ಲಿ ‘ಕಟ್ಟಿದ’ ಬೇರೆ, ‘ಕಟ್ಟಿಸಿದ’ ಬೇರೆ. ನಮ್ಮ ಶಾಸನಗಳಲ್ಲಿ ಅರಸನೋ ದಂಡನಾಯಕನೋ ಕೆರೆಯನ್ನು ಕಟ್ಟಿಸುತ್ತಾನೆ, ಬಸದಿಯನ್ನು ಮಾಡಿಸುತ್ತಾನೆ. ‘ಇಸು’ ಎಂಬ ಪ್ರತ್ಯಯ ಕರಣೆ ಹಿಡಿದ ಕೈಯನ್ನೂ ಹಣ ಕೊಟ್ಟ ಕೈಯನ್ನೂ ಬೇರ್ಪಡಿಸಿಬಿಡುತ್ತದೆ. ಇಂಗ್ಲಿಷಿಗೆ ಆ ಪ್ರತ್ಯಯವಿಲ್ಲ. ದೊರೆ ಕೋಟೆಯನ್ನು ‘ಡಿಡ್ ಬಿಲ್ಡ್’ ಎಂದರೆ ಕಟ್ಟಿಸಿದ ಎಂದರ್ಥ. ಆದರೆ ದೊರೆ ಕಟ್ಟಿಸಿದ ಕೋಟೆಯನ್ನು ‘ದೊರೆ ಕಟ್ಟಿದ ಕೋಟೆ’ ಎಂದರೂ ಯಾರೂ ಆಕ್ಷೇಪಿಸುವುದಿಲ್ಲವಲ್ಲ. ಇಂಥ ಕಡೆ ‘ಡಿಡ್ ಬಿಲ್ಡ್’ ಎಂದರೂ ಒಂದೇ, ಬರಿಯ ‘ಬಿಲ್ಟ್’ ಎಂದರೂ ಒಂದೇ ಎಂಬ ಭಾವನೆ ಬಂತು. ಪ್ರಾಸಕ್ಕೆ ತಿಣುಕುತ್ತಿದ್ದ ಕವಿಗಳಿಗೆ ಇದು ದೇವರು ಕೊಟ್ಟ ವರ. ‘ಡಿಡ್’ ಎಂದು ಮೊದಲು ಹೇಳಿಬಿಟ್ಟರೆ ನಿಜವಾದ ಕ್ರಿಯಾಪದವನ್ನು ಅದರ ಮೂಲರೂಪದಲ್ಲೇ ಪಾದಾಂತ್ಯಕ್ಕೆ ಒಯ್ದು ಪ್ರಾಸ ಕೂಡಿಸಬಹುದು. ಎರಡೂ ಬಳಕೆ ಅಕ್ಕಪಕ್ಕದಲ್ಲಿ ಬಹುಕಾಲ ನಡೆದವು. ಇಂಗ್ಲೆಂಡಿಗೆ 1476ರಲ್ಲಿ ಅಚ್ಚುಕೂಟ ತಂದ ವಿಲಿಯಂ ಕ್ಯಾಕ್ಸ್‌ಟನ್, ತಾನು 1490ರಲ್ಲಿ ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ‘ಡಿಡ್ ಡೂ’ ಎಂದು ಎರಡನ್ನೂ ಒಟ್ಟಿಗೆ ಬರೆಯುತ್ತಾನೆ. ಅಲ್ಲಿ ಒಂದು ‘ತೋರಿಸುವಂತೆ ಮಾಡಿದರು’ ಎಂಬ ಅರ್ಥಕ್ಕೆ, ಇನ್ನೊಂದು ಬರಿಯ ಕಾಲ ಸೂಚನೆಗೆ.

ಬೇರೆ ವಾದವೂ ಉಂಟು. ನೈಋತ್ಯದಲ್ಲೇ ಇದು ಮೊದಲು ಕಂಡದ್ದೇಕೆ? ಅದರ ಮಗ್ಗುಲಲ್ಲಿ ವೇಲ್ಸ್, ಕಾರ್ನ್‌ವಾಲ್ ಸೀಮೆಗಳಿವೆ. ಅಲ್ಲಿನ ಕೆಲ್ಟಿಕ್ ಭಾಷೆಗಳಲ್ಲಿ ಮಾಡು ಎಂಬ ಅರ್ಥದ ಧಾತುವನ್ನು ಸಹಾಯಕವಾಗಿ ಬಳಸುವುದು ವಾಡಿಕೆ. ಇಂಗ್ಲಿಷು ಕಲಿತ ಕೆಲ್ಟರು ತಮ್ಮ ನುಡಿಯ ಜಾಡನ್ನು ಹೊಸ ನುಡಿಗೆ ತಂದಿರಬೇಕೆಂದು ಕೆಲವರು ಹೇಳುತ್ತಾರೆ. ಇದು ನಿಜವಾದರೆ, ಪರಭಾಷೆ ಕಲಿಯುವವರ ‘ತಪ್ಪೇ’ ಕಾಲಾಂತರದಲ್ಲಿ ವ್ಯಾಕರಣದ ಸೂತ್ರವಾಯಿತೆಂದು ಹೇಳಬೇಕಾಗುತ್ತದೆ. ಕೆಂಪು ಶಾಯಿಯವರು ಯೋಚಿಸಬೇಕಾದ ಮಾತು. ಆದರೆ ಆ ಕಾಲದ ಲಿಖಿತ ಆಧಾರ ಕಡಮೆ. ಆದ್ದರಿಂದ ವಾದ ತೀರಿಲ್ಲ. ಡಾರ್ಸೆಟ್, ಸಾಮರ್ಸೆಟ್ ಕಡೆಯ ಹಳೆಯ ಹಳ್ಳಿಯ ಮಾತಿನಲ್ಲಂತೂ ಯಾವ ಒತ್ತೂ ಇಲ್ಲದೆ ‘ಐ ಡೂ ಗೋ’ ಎನ್ನುವ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು.

ಹದಿನಾರನೆಯ ಶತಮಾನಕ್ಕೆ ಬಂದರೆ ಎಲ್ಲೆಲ್ಲೂ ‘ಡೂ’. ಪ್ರಶ್ನೆಯಲ್ಲಿ, ನಿಷೇಧದಲ್ಲಿ, ಏನೂ ವಿಶೇಷವಿಲ್ಲದ ಸಾಧಾರಣ ವಾಕ್ಯದಲ್ಲಿಯೂ. ಎಲ್ಲೆಗೋರ್ಡ್ ಅವರು ಹಳೆಯ ಗ್ರಂಥಗಳ ಸಾವಿರಾರು ವಾಕ್ಯಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಆ ಎಣಿಕೆಯಂತೆ, ಸಾಧಾರಣ ವಾಕ್ಯಗಳಲ್ಲಿ ಅದರ ಬಳಕೆ ಆ ಶತಮಾನದ ನಡುವಿನಲ್ಲಿ ನೂರಕ್ಕೆ ಸುಮಾರು ಹತ್ತರಷ್ಟಕ್ಕೆ ಏರಿ, ಅಲ್ಲಿಂದ ಇಳಿಮುಖವಾಯಿತು. ಪ್ರಶ್ನೆಗಳಲ್ಲಿ ಮಾತ್ರ ಏರುತ್ತಲೇ ಹೋಯಿತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಎರಡು ಬಗೆಯ ಪ್ರಶ್ನೆಯೂ ಇದೆ. ಒಂದೇ ನಾಟಕದ ಪಾತ್ರಗಳು ಒಮ್ಮೆ ಹೀಗೆ, ಒಮ್ಮೆ ಹಾಗೆ ಕೇಳುತ್ತವೆ. 1611ರಲ್ಲಿ ಹೊರಬಂದ ಬೈಬಲಿನ ಭಾಷಾಂತರ ಬಹುಮಟ್ಟಿಗೆ ಹಳೆಯ ಪದ್ಧತಿಗೇ ಅಂಟಿಕೊಂಡಿತು. ಅಂದರೆ, ‘ನೋ ಯೂ ಹಿಮ್?’ ಎಂದು ನಮ್ಮ ಹುಡುಗನೊಬ್ಬ ಬರೆದರೆ, ಅವನ ಉತ್ತರ ತಪ್ಪಲ್ಲ. ನಾನೂರು ವರ್ಷ ತಡವಾಗಿ ಬಂದಿದೆ.

ಪ್ರಶ್ನೆಯಲ್ಲಿ ಅದು ಬೇರೂರಿದ್ದೇಕೆ? ಆ ಹೊತ್ತಿಗೆ ಇಂಗ್ಲಿಷಿನ ವಿಭಕ್ತಿಪ್ರತ್ಯಯಗಳು ಬಹುತೇಕ ಉದುರಿಹೋಗಿದ್ದವು. ರಾಮನನ್ನು ಎನ್ನಲು ನಮಗೆ ‘ಅನ್ನು’ ಇದೆ. ಅವರಿಗೆ ಪದವಿರುವ ಜಾಗವೇ ವಿಭಕ್ತಿ. ಕರ್ತೃ ಮೊದಲು, ಕ್ರಿಯೆ ಆಮೇಲೆ, ಕರ್ಮ ಕೊನೆಗೆ. ಪ್ರಶ್ನೆಗಾಗಿ ಕ್ರಿಯಾಪದವನ್ನು ಮುಂದಕ್ಕೆ ಎಳೆದರೆ ಕರ್ತೃವೂ ಕರ್ಮವೂ ಒಂದರ ಪಕ್ಕ ಒಂದು ಬಿದ್ದು ಗಲಿಬಿಲಿ. ‘ಕ್ಯಾನ್’, ‘ವಿಲ್’ ಇರುವ ವಾಕ್ಯಗಳಿಗೆ ಈ ಕಷ್ಟವಿರಲಿಲ್ಲ. ಆ ಸಹಾಯಕ ಮುಂದೆ ಹೋದರೂ ಮುಖ್ಯಕ್ರಿಯೆ ತನ್ನ ಜಾಗ ಬಿಡುವುದಿಲ್ಲ. ಸಹಾಯಕವಿಲ್ಲದ ವಾಕ್ಯಕ್ಕೂ ಒಬ್ಬ ಸಹಾಯಕ ಬೇಕಾಯಿತು. ಅರ್ಥ ಕಳೆದುಕೊಂಡು ಕೆಲಸವಿಲ್ಲದೆ ಕೂತಿದ್ದ ‘ಡೂ’ ಕೈಗೆ ಸಿಕ್ಕಿತು. ಅದಕ್ಕೆ ಅರ್ಥವಿಲ್ಲದಿದ್ದುದೇ ಅದರ ಯೋಗ್ಯತೆ.

ಸಾಧಾರಣ ವಾಕ್ಯದಲ್ಲಿ ಉಳಿದಿದ್ದ ಸುಮ್ಮನೆಯ ‘ಡೂ’ ಮಾತ್ರ ಪಂಡಿತರ ಕಣ್ಣಿಗೆ ಕಸವಾಯಿತು. ನಮ್ಮ ಲಾಕ್ಷಣಿಕರು ‘ಪಾದಪೂರಣ’ ಎಂದು ಮೂಗು ಮುರಿಯುವುದನ್ನೇ ಅಲೆಗ್ಸಾಂಡರ್ ಪೋಪ್ 1711ರ ತನ್ನ ವಿಮರ್ಶಾಕಾವ್ಯದಲ್ಲಿ ಹಾಸ್ಯ ಮಾಡಿದ. ವ್ಯರ್ಥಪದಗಳನ್ನು ಹಳಿಯುವ ಆ ಸಾಲಿನಲ್ಲೇ ಬೇಕೆಂದು ಒಂದು ವ್ಯರ್ಥ ‘ಡೂ’ ತುರುಕಿ. 1755ರ ತನ್ನ ಮಹಾನಿಘಂಟಿಗೆ ಸೇರಿಸಿದ ವ್ಯಾಕರಣದಲ್ಲಿ ಡಾಕ್ಟರ್ ಜಾನ್ಸನ್ ಅದನ್ನು ದೋಷವೆಂದೇ ಎಣಿಸಿದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಇನ್ನೂ ಸೂಕ್ಷ್ಮವಾಗಿ ಗಮನಿಸಿದ: ಅದು ಮಾತಿಗೆ ಒತ್ತು ಕೊಡುತ್ತದೆ, ಪ್ರಶ್ನೆ ನಿಷೇಧಗಳಲ್ಲಿ ಹೆಚ್ಚುಕಡಮೆ ಅನಿವಾರ್ಯ ಎಂದ. ಇಂದಿನ ಬಳಕೆ ಬಹುಮಟ್ಟಿಗೆ ಲೌತ್ ಕಂಡದ್ದೇ. ‘ಐ ಡಿಡ್ ಕಮ್’ ಎಂದರೆ ‘ಬಂದೇ ಬಂದೆ’. ನಮ್ಮ ಏಕಾರ ಮಾಡುವ ಕೆಲಸವನ್ನು ಅಲ್ಲಿ ‘ಡಿಡ್’ ಮಾಡುತ್ತದೆ.

ಈ ಚರಿತ್ರೆಯನ್ನು ಓದುತ್ತಿರುವಾಗ ಒಂದು ವಿಷಯ ನನ್ನನ್ನು ಥಟ್ಟನೆ ನಿಲ್ಲಿಸಿತು. ‘ಡೂ ನಾಟ್’ ಎಲ್ಲೆಡೆ ಹರಡಿದ ಮೇಲೂ ಕೆಲವು ಕ್ರಿಯಾಪದಗಳು ಅದಕ್ಕೆ ಜಗ್ಗದೆ ಹಳೆಯ ರೂಪವನ್ನೇ ಹಿಡಿದುಕೊಂಡಿದ್ದವು. ಅವುಗಳಲ್ಲಿ ಮುಖ್ಯವಾದುದು ‘ನೋ’. ‘ಐ ನೋ ನಾಟ್’ ಎಂಬುದು ಬಹುಕಾಲ ಬಾಳಿತು. ಅದಕ್ಕೆ ನಮ್ಮ ಮಾತೇನು? ‘ನಾನರಿಯೆ.’

ಕನ್ನಡದ ಚರಿತ್ರೆ ಬಲ್ಲವರಿಗೆ ಇದರ ಮರ್ಮ ಹೊಳೆಯುತ್ತದೆ. ಹಳಗನ್ನಡದಲ್ಲಿ ನಿಷೇಧಕ್ಕೆ ಪ್ರತ್ಯೇಕ ಪದ ಬೇಕಿರಲಿಲ್ಲ. ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹಚ್ಚಿದರೆ ಸಾಕು: ಬಾರೆನು, ಬಾರನು, ಬಾರರು. ಕಾಲಸೂಚಕವಿಲ್ಲದ ಆ ಒಂದೇ ರೂಪ ಮೂರು ಕಾಲಕ್ಕೂ ಸಲ್ಲುತ್ತಿತ್ತು. ದ್ರಾವಿಡ ಭಾಷೆಗಳ ಈ ವೈಚಿತ್ರ್ಯವನ್ನು ಕಾಲ್ಡ್‌ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಬರಬರುತ್ತ ‘ಇಲ್ಲ’ ಎಂಬ ಬೇರೆಯ ಪದ ಬಂದು ಎಲ್ಲ ಧಾತುಗಳಿಗೂ ಊರೆಗೋಲಾಯಿತು: ಬರಲಿಲ್ಲ, ಬರುವುದಿಲ್ಲ. ಹಳೆಯ ರೂಪಗಳು ಗಾದೆಗಳಲ್ಲಿ, ‘ಕೂಡದು’, ‘ಸಾಲದು’ ಎಂಬಂಥ ಕಟ್ಟಳೆಯ ಮಾತುಗಳಲ್ಲಿ, ಉತ್ತರ ಕರ್ನಾಟಕದ ತಾಯಂದಿರ ‘ಒಲ್ಲೆ’ಯಲ್ಲಿ ಉಳಿದವು. ಮತ್ತು ‘ಅರಿಯೆ’ಯಲ್ಲಿ. ಯಾವ ನಂಟೂ ಇಲ್ಲದ ಎರಡು ಭಾಷೆಗಳು ಒಂದೇ ಬಗೆಯ ದಾರಿ ಹಿಡಿದಿವೆ. ಎರಡು ಕಡೆಯೂ ‘ನನಗೆ ತಿಳಿಯದು’ ಎನ್ನುವವನು ಹಳೆಯ ಅಂಗಿಯನ್ನೇ ತೊಟ್ಟು ಹಿಂದೆ ಉಳಿದಿದ್ದಾನೆ. ನಿತ್ಯವೂ ಬಾಯಲ್ಲಿರುವ ಮಾತು ಬೇಗ ಬದಲಾಗುವುದಿಲ್ಲವೆಂಬುದೇ ಕಾರಣವಿರಬೇಕು.

‘ಬರಲಿಲ್ಲ’ವನ್ನು ಬಿಡಿಸಿ ನೋಡೋಣ. ಬರಲ್, ಇಲ್ಲ. ‘ಬಂದ’ ಎಂಬಲ್ಲಿ ಕಾಲವೂ ಪುರುಷವೂ ಧಾತುವಿನ ಮೈಮೇಲಿವೆ. ‘ಬರಲಿಲ್ಲ’ ಎಂಬಲ್ಲಿ ಧಾತು ಎರಡನ್ನೂ ಕಳಚಿಟ್ಟು ಬರಿಯ ‘ಬರಲು’ ಆಗಿ ನಿಂತಿದೆ. ‘ಬಂದಲಿಲ್ಲ’ ಎಂದು ಮೂರು ವರ್ಷದ ಮಗು ಅಂದೀತು, ಮತ್ತಾರೂ ಅನ್ನುವುದಿಲ್ಲ. ‘ಡಿಡ್ ನಾಟ್ ಕಮ್’ ಎಂಬಲ್ಲಿ ನಡೆದಿರುವುದೂ ಇದೇ. ಸಹಾಯಕ ಬಂದ ಕೂಡಲೆ ಮುಖ್ಯಕ್ರಿಯೆ ಕಾಲದ ಹೊರೆ ಇಳಿಸಿ ‘ಕಮ್’ ಆಯಿತು. ಪೂರ್ತಿ ಒಂದೇ ಎನ್ನಲಾರೆ: ಅಲ್ಲಿ ‘ಡಿಡ್’ ಎಂಬುದು ಕಾಲವನ್ನು ಹೊತ್ತುಕೊಳ್ಳುತ್ತದೆ, ನಮ್ಮ ‘ಇಲ್ಲ’ ಏನನ್ನೂ ಹೊರುವುದಿಲ್ಲ, ನಾನಾದರೂ ಅವನಾದರೂ ಅವರಾದರೂ ಅದು ಬದಲಾಗದು. ಇಂಗ್ಲಿಷಿನವರು ‘ಡೂ’, ‘ಡಸ್’ ಎಂದು ಇನ್ನೂ ಪೇಚಾಡುತ್ತಿದ್ದಾರೆ. ಆದರೆ ಮುಖ್ಯಕ್ರಿಯೆಯ ಮಟ್ಟಿಗೆ ಎರಡೂ ಒಂದೇ ನಡೆ. ‘ಡಿಡ್ ನಾಟ್ ಕೇಮ್’ ಏಕೆ ತಪ್ಪೆಂದು ಕೇಳಿದರೆ, ‘ಬಂದಲಿಲ್ಲ’ ಏಕೆ ತಪ್ಪೋ ಅದಕ್ಕೇ ಎಂದು ಉತ್ತರ. ನನ್ನ ಏಳನೆಯ ತರಗತಿಯಲ್ಲಿ ಈ ಒಂದು ಮಾತು ಹೇಳಿದ್ದರೆ ಬೆತ್ತಕ್ಕೆ ಕೆಲಸವಿರುತ್ತಿರಲಿಲ್ಲ.

ಪ್ರಶ್ನೆಯಲ್ಲಿ ಮಾತ್ರ ನಾವು ಸುಖಿಗಳು. ಬಂದ ಎಂಬುದಕ್ಕೆ ಒಂದು ‘ಆ’ಕಾರವೋ ‘ಏ’ಕಾರವೋ ಸೇರಿಸಿದರೆ ಪ್ರಶ್ನೆ ಸಿದ್ಧ, ಪದ ಕದಲಬೇಕಿಲ್ಲ. ‘ಬಂದೆಯಾ?’ ಎಂದರೆ ‘ಬಂದೆ’ ಎಂದು ಕ್ರಿಯಾಪದವನ್ನೇ ಮರಳಿ ಹೇಳಿ ಉತ್ತರಿಸುತ್ತೇವೆ. ಅವರು ‘ಐ ಡಿಡ್’ ಎನ್ನುತ್ತಾರೆ. ಮಾತಿನ ಕೊನೆಗೆ ಅವರು ‘ಡಸ್ ಹೀ?’, ‘ಡಿಡಂಟ್ ದೇ?’ ಎಂದು ಸಂದರ್ಭಕ್ಕೊಂದು ಬಾಲ ಕಟ್ಟಿದರೆ ನಾವು ಎಲ್ಲಕ್ಕೂ ‘ಅಲ್ಲವೇ’ ಎಂದು ಮುಗಿಸುತ್ತೇವೆ. ಅದನ್ನೇ ಇಂಗ್ಲಿಷಿಗೆ ಒಯ್ದು ಎಲ್ಲ ವಾಕ್ಯಕ್ಕೂ ‘ಇಸಂಟ್ ಇಟ್’ ಹಚ್ಚುವುದರಿಂದ ನಗೆಗೀಡಾಗುತ್ತೇವೆ. ಪರವಾಗಿಲ್ಲ, ಫ್ರೆಂಚರೂ ತಮ್ಮ ಭಾಷೆಯಲ್ಲಿ ಎಲ್ಲಕ್ಕೂ ಒಂದೇ ಬಾಲ ಕಟ್ಟುತ್ತಾರೆ, ಅವರನ್ನು ಯಾರೂ ನಗುವುದಿಲ್ಲ.

ಹೋದ ವಾರ ಆ ಚಂಪೂ ಪದ್ಯದ ಹುಡುಗಿ ತನ್ನ ಇಂಗ್ಲಿಷಿನ ಉತ್ತರಪತ್ರಿಕೆ ಹಿಡಿದು ಬಂದಳು. ಕರಿಹಲಗೆಯ ಮೇಲೆ ‘ಹೋದಲಿಲ್ಲ’ ಎಂದು ಬರೆದು ಓದು ಎಂದೆ. ನಕ್ಕಳು. ‘ಸಾರ್, ಹೀಗೆ ಯಾರಾದರೂ ಅಂತಾರಾ?’ ಎಂದಳು. ಅದರ ಪಕ್ಕದಲ್ಲಿ ‘ಡಿಡ್ ನಾಟ್ ವೆಂಟ್’ ಎಂದು ಬರೆದೆ. ಸ್ವಲ್ಪ ಹೊತ್ತು ಎರಡನ್ನೂ ನೋಡಿದಳು. ಆಮೇಲೆ ತಾನೇ ಎದ್ದು ಬಂದು, ಮೊದಲು ಕನ್ನಡದ್ದನ್ನು ಅಳಿಸಿ ‘ಹೋಗಲಿಲ್ಲ’ ಎಂದು ಬರೆದಳು. ಅನಂತರ ಇಂಗ್ಲಿಷಿನದಕ್ಕೆ ಕೈ ಹಾಕಿದಳು.